ಬೀಗ ಹಾಕಿದ ಅಡುಗೆಮನೆಯಿಂದ ಬಂದ ಎರಡು ಮಾತು

ಅಶರೀರವಾಣಿ ಎಂಬುದು ಪುರಾಣದಲ್ಲಿ ಮಾತ್ರ ಎಂದು ತಿಳಿದಿದ್ದವಳು ನಾನು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಷ್ಟೇ. ಆದರೂ ಯಾರಾದರೂ ದೆವ್ವ ಕಂಡೆ ಎಂದರೆ, ಜ್ವರ ಬಂದಿತ್ತೇ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಮಕ್ಕಳೇ, ಇದನ್ನು ಓದಿ ನೀವೂ ನನ್ನನ್ನು ಹಾಗೆ ಕೇಳಬಹುದು. ಜ್ವರ ಇರಲಿಲ್ಲ. ಹಾಡಹಗಲು, ಸಂಜೆ ನಾಲ್ಕೂ ಆಗಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಜ್ಜ ಮುಂಬಯಿಯ ಫೋರ್ಟಿನಲ್ಲಿ ಹೋಟೆಲು ನಡೆಸುತ್ತಿದ್ದರು. ಕಚೇರಿಯವರೇ ಗಿರಾಕಿಗಳಾದ್ದರಿಂದ ಆದಿತ್ಯವಾರ ಬೀದಿ ಖಾಲಿ, ಹೋಟೆಲೂ ಖಾಲಿ. ಆ ಮಧ್ಯಾಹ್ನಗಳನ್ನು ಅವರು ನಾಟಕದ ಹುಡುಗರಿಗೆ ಬಿಟ್ಟುಕೊಟ್ಟಿದ್ದರು. ಎಲ್ಲರೂ ಬ್ಯಾಂಕಿನ ಗುಮಾಸ್ತರು, ಟೈಪಿಸ್ಟರು. ವೇದಿಕೆ ಇಲ್ಲ, ಪರದೆ ಇಲ್ಲ. ಮೇಜುಗಳ ನಡುವೆಯೇ ನಟರು ಓಡಾಡುವರು, ನೋಡುವವರು ಕಾಫಿ ಕುಡಿಯುತ್ತ ಕೂರುವರು. ಮೂವತ್ತು ಜನ ಬಂದರೆ ಹೌಸ್‌ಫುಲ್. ಒಮ್ಮೆ ಹೊಸಬರೊಬ್ಬರು ನಟನನ್ನೇ ಮಾಣಿ ಎಂದುಕೊಂಡು, ಅವನು ಅಳುತ್ತಿದ್ದಾಗ "ಎರಡು ಇಡ್ಲಿ, ಸಾಂಬಾರು ಬೇರೆ" ಎಂದರು. ಅವನು ಅಳುತ್ತಲೇ "ಇಡ್ಲಿ ಖಾಲಿ" ಎಂದ. ಜನ ಅದನ್ನೂ ಪ್ರಯೋಗ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮುಂಬಯಿಯಲ್ಲೇ ಬೆಳೆದ ಹುಡುಗರು ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು. ಓದುವುದು ಮಾತ್ರ ತಡವರಿಸಿ. ಹಾಗಾಗಿ ಮಾತು ಹೇಳಿಕೊಡುವ ಕೆಲಸ ನನಗೆ ಬಂತು. ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯ ಹಿಂದೆ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಜನರೆದುರು ಬಾಯಿ ಬಾರದ ನನಗೆ ಅದು ಸ್ವರ್ಗ. ನಮ್ಮಲ್ಲಿ ಒಂದು ಪದ್ಧತಿ ಇತ್ತು: ಯಾರಾದರೂ ತಡೆದು ನಿಂತರೆ ಸಾಲಿನ ಮೊದಲ ಎರಡು ಮಾತು ಮಾತ್ರ ಕಿಂಡಿಯಿಂದ ಹೇಳಬೇಕು, ಕೇಳಿದ ನಟ ಯೋಚಿಸದೆ ಅಲ್ಲಿಂದ ಮುಂದುವರಿಸಬೇಕು.

ಆಗ ಊರಿನಿಂದ ಭಾವ ಬಂದರು, ನಿಮ್ಮ ಅಜ್ಜನ ಅಣ್ಣ. ಹೋಟೆಲು ಅವರ ಹೆಸರಿನಲ್ಲಿತ್ತು. ಆ ಕಾಲದಲ್ಲಿ ಹೋಟೆಲಿನವರ ಹೆಂಡಂದಿರು ಊರಲ್ಲೇ ಇರುವುದು ವಾಡಿಕೆ. ನನ್ನನ್ನು ಕುರ್ಲಾದ ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಲು ಕರೆತಂದಿದ್ದೇ ಅವರಿಗೆ ಸರಿಬಂದಿರಲಿಲ್ಲ. ಅದರ ಮೇಲೆ ನಾಟಕ.

"ಎಂತ ಮಾರಾಯ ಇದು, ಹೋಟ್ಲು ನಡ್ಸುದಾ, ಆಟ ಆಡ್ಸುದಾ?" ಎಂದು ತಮ್ಮನನ್ನು ಕೇಳಿದರು. ಮಂಗಳವಾರದ ಬಸ್ಸಿಗೆ ತಮಗೂ ನನಗೂ ಎರಡು ಟಿಕೇಟು ತೆಗೆಸಿದರು. ನಾಟಕ ಆ ಆದಿತ್ಯವಾರಕ್ಕೆ ಮುಕ್ತಾಯ. ನನಗೆ ಇನ್ನು ವರ್ಷಕ್ಕೊಂದು ತಿಂಗಳು ಗಂಡನ ಮುಖ. ನಿಮ್ಮ ಅಜ್ಜ ಅಣ್ಣನಿಗೆ ಎದುರಾಡುವವರಲ್ಲ. ನಾನಂತೂ ಭಾವನ ಎದುರು ನಿಂತವಳೂ ಅಲ್ಲ. ಮೂರು ದಿನ ನಿದ್ದೆ ಹತ್ತಲಿಲ್ಲ. ಪಾತ್ರೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು.

ಆ ಆದಿತ್ಯವಾರ ನಾಯಕಿಯ ಪಾತ್ರದ ಕುಸುಮ ಬರಲಿಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ನಾಟಕ ಆಡಿಸುತ್ತಿದ್ದ ಸದಾನಂದ ನನ್ನ ಬಳಿ ಓಡಿ ಬಂದ. "ಅತ್ತಿಗೆ, ನಿಮಗೆ ಎಲ್ಲಾ ಮಾತೂ ಬಾಯಿಪಾಠ ಉಂಟಲ್ಲ. ಘಬರಾಯಿಸಬೇಡಿ, ನೀವೇ ನಿಲ್ಲಿ."

ನಾನು ಒಲ್ಲೆ ಎಂದೆ. ಭಾವ ಅಲ್ಲೇ ಇದ್ದರು. "ನಿಲ್ಲಲಿ, ನಿಲ್ಲಲಿ. ಹೇಗೂ ಕಡೇ ಆಟ ಅಲ್ದಾ!" ಎಂದು ನಕ್ಕರು. ಆ ನಗು ಚುಚ್ಚಿತು. ನಿಂತೆ.

ಎಲ್ಲರಿಗೂ ಕಾಫಿ ಕೊಟ್ಟಾದ ಮೇಲೆ ಭಾವ ತಾವೇ ಕಿಂಡಿಯ ಹಲಗೆ ಮುಚ್ಚಿ, ಅಡುಗೆಮನೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಮುಂದಿನ ಮೇಜಿನಲ್ಲಿ ಕೂತರು. ಅಡುಗೆಮನೆಗೆ ಬೇರೆ ಬಾಗಿಲಿಲ್ಲ.

ನಾಟಕದ ಕತೆ ಇಷ್ಟು: ಗಿರಣಿ ಕೆಲಸ ಹೋದವನ ಹೆಂಡತಿಯನ್ನು ಅವಳ ಭಾವ ಊರಿಗೆ ಕರೆದೊಯ್ಯುತ್ತಾನೆ. ನನ್ನ ಕತೆ ಎನ್ನಬೇಡಿ. ಮುಂಬಯಿಯ ಅರ್ಧ ಮನೆಗಳ ಕತೆ, ನಮ್ಮ ಭಾವ ಬರುವ ಮೊದಲೇ ಬರೆದದ್ದು. ಕೊನೆಯಲ್ಲಿ ಹೆಂಡತಿ "ಆಯಿತು, ಹೊರಡೋಣ" ಎಂದು ಗಂಟು ಎತ್ತಿಕೊಂಡು ಹೋಟೆಲಿನ ಬಾಗಿಲು ದಾಟಿ ನಿಜವಾದ ಬೀದಿಗೇ ನಡೆದುಬಿಡುತ್ತಾಳೆ. ಜನ ಗಾಜಿನಾಚೆ ಅವಳು ಮರೆಯಾಗುವುದನ್ನು ನೋಡಬೇಕು.

ಅಲ್ಲಿಯವರೆಗೆ ಹೇಗೋ ಬಂತು. ನಾಟಕದ ಭಾವನಾಗಿದ್ದ ಸದಾನಂದ "ಹೊರಡೋಣವಾ?" ಎಂದ. ನನ್ನ ತಲೆ ಬರಿದಾಯಿತು. ಒಂದೇ ಒಂದು ಪದವೂ ಇಲ್ಲ. ಕಣ್ಣು ಬಾಗಿಲ ಕಡೆ, ಭಾವನ ಕಡೆ, ಮತ್ತೆ ಬಾಗಿಲ ಕಡೆ ಓಡುತ್ತಿತ್ತು.

ಆಗ ಮುಚ್ಚಿದ ಕಿಂಡಿಯ ಹಿಂದಿನಿಂದ ಧ್ವನಿ ಬಂತು. ಮೆಲ್ಲನೆ, ಒಣದಾಗಿ, ನಾನು ಹೇಳಿಕೊಡುವ ಹಾಗೆಯೇ. ನನ್ನದೇ ಧ್ವನಿ.

"ನಾನು ಬರುವುದಿಲ್ಲ."

ಅದು ನಾಟಕದಲ್ಲಿಲ್ಲದ ಮಾತು. ಆದರೆ ಕಿಂಡಿ ಹೇಳಿದ ಮೇಲೆ ಮುಂದುವರಿಸುವುದೇ ನಮ್ಮ ಅಭ್ಯಾಸ. ನನ್ನ ಬಾಯಿ ತಾನಾಗಿ ನಡೆಯಿತು. "ನಾನು ಬರುವುದಿಲ್ಲ ಭಾವ. ನನ್ನ ಮನೆ ಇಲ್ಲಿದೆ. ನೀವು ಊಟ ಮಾಡಿಕೊಂಡು ಹೋಗಿ."

ಸದಾನಂದನ ಮುಖ ಬಿಳುಚಿತು. "ಅಲ್ಲ... ಗಂಟು ಕಟ್ಟಿ ಆಗಿದೆಯಲ್ಲ?" ಎಂದ.

"ಬಿಚ್ಚುತ್ತೇನೆ" ಎಂದು ಮೇಜಿನ ಮೇಲೇ ಬಿಚ್ಚಿದೆ. ಹೋಟೆಲಿನ ಒರೆಸುವ ಬಟ್ಟೆಗಳು ಹರಡಿ ಬಿದ್ದವು. ಜನ ಚಪ್ಪಾಳೆ ತಟ್ಟಿದರು.

ಸದಾನಂದ ಹತ್ತಿರ ಬಂದು ಪಿಸುಗುಟ್ಟಿದ: "ಅತ್ತಿಗೆ, ಒಳಗೆ ಯಾರನ್ನು ಕೂರಿಸಿದಿರಿ?" ನಿಮ್ಮ ಅಜ್ಜನಿಗೆ ಏನೂ ಕೇಳಿಸಿರಲಿಲ್ಲ. ಜನರಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಭಾವ ಎದ್ದರು. ಮೇಜಿನ ಬಳಿ ಬಟ್ಟೆ ಮಡಚುತ್ತಿದ್ದ ನನ್ನನ್ನು ದಾಟಿಕೊಂಡು ಹೋಗಿ, ಬೀಗ ತೆಗೆದು, ಒಬ್ಬರೇ ಒಳಗೆ ಹೋದರು. ಎರಡು ನಿಮಿಷ ಆಗಿರಬಹುದು. ಹೊರಬಂದವರು ನಮ್ಮ ಯಾರ ಮುಖವನ್ನೂ ನೋಡದೆ ತಮ್ಮನಿಗೆ, "ಮಂಗಳವಾರಕ್ಕೆ ಒಂದೇ ಟಿಕೇಟು ಸಾಕು, ಇನ್ನೊಂದು ವಾಪಸು ಮಾಡು" ಎಂದರು. ಅಷ್ಟೇ.

ಆಮೇಲೆ ನಾನು ಒಳಗೆ ಹೋಗಿ ನೋಡಿದೆ. ತೊಳೆದಿಟ್ಟ ಪಾತ್ರೆಗಳು, ಆರಿದ ಒಲೆ, ಖಾಲಿ ಸ್ಟೂಲು.

ನಾಟಕ ಇನ್ನೂ ಕೆಲವು ವರ್ಷ ನಡೆಯಿತು. ಹುಡುಗರಿಗೆ ಮದುವೆಯಾಗಿ, ದೂರದ ಉಪನಗರಗಳಲ್ಲಿ ಮನೆಯಾಗಿ, ಆದಿತ್ಯವಾರ ಫೋರ್ಟಿಗೆ ಬರುವವರು ಕಡಿಮೆಯಾಗಿ ತಾನಾಗಿ ನಿಂತಿತು. ಭಾವ ಮುಂಬಯಿಗೆ ಬಂದಾಗಲೆಲ್ಲ ನೋಡುತ್ತಿದ್ದರು. ಕಿಂಡಿಗೆ ಬೆನ್ನು ಹಾಕಿ ಮಾತ್ರ ಕೂರುತ್ತಿರಲಿಲ್ಲ.

ಅದು ನನ್ನ ಮನಸ್ಸೇ ಆಡಿದ ಮಾತು ಎಂದುಕೊಳ್ಳೋಣವೆಂದರೆ ಸದಾನಂದನಿಗೆ ಹೇಗೆ ಕೇಳಿಸಿತು? ಭಾವ ಕಾಯಿಲೆ ಬಿದ್ದಾಗ ಊರಿಗೆ ಹೋಗಿದ್ದೆ. ಗಂಜಿ ಕೊಡುತ್ತ ಧೈರ್ಯ ಮಾಡಿ ಕೇಳಿದೆ. "ಭಾವ, ಅವತ್ತು ಅಡುಗೆಮನೆಯಲ್ಲಿ ಯಾರಿದ್ದರು?"

ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನೀನೇ ಇದ್ದಿದ್ಯಲ್ಲ" ಎಂದರು.