ಮೊಳೆಗೆ ನೇತುಹಾಕಿದ ಬಿಲ್ಲೆ

ದೆವ್ವ, ಗಾಳಿ, ಪವಾಡ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ನಂಬುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಲೇತಿನಿಂದ ಇಳಿದ ಸಾಮಾನನ್ನು ಅಳೆದು ನೋಡಿ ಪಾಸು ಮಾಡುವ ಇನ್‌ಸ್ಪೆಕ್ಟರ್. ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ರಾತ್ರಿ ಪಾಳಿಯಲ್ಲಿ ಯಾರೋ ಬೆನ್ನ ಹಿಂದೆ ನಿಂತ ಹಾಗಾಯಿತು ಎಂದು ಯಾವನಾದರೂ ಹೇಳಿದರೆ, "ಎಷ್ಟು ಎತ್ತರ ಇದ್ದನಪ್ಪಾ, ಅಳತೆ ತಗೊಂಡ್ಯಾ?" ಎಂದು ಎಲ್ಲರೆದುರು ಕೇಳಿ ಅವನ ಮುಖ ಇಳಿಸುತ್ತಿದ್ದೆ. ಅಂಥವನಿಗೆ ಆದ ಅನುಭವ ಇದು. ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ಇದಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಆಯುಧಪೂಜೆಯ ದಿನ ಯಂತ್ರಗಳ ಮುಂದೆ ಬೂದುಗುಂಬಳ ಒಡೆದು, ಪುರಿ ಹಂಚಿ ಮುಗಿಸಿದ ಮೇಲೆ ಸಿಕ್ಕ ರಜೆಯಲ್ಲಿ ನಮ್ಮ ರಿಕ್ರಿಯೇಷನ್ ಕ್ಲಬ್ಬಿನವರು ಮಲ್ಪೆಗೆ ಹೊರಟರು. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಜ್ವಾಲಾಮುಖಿಯ ಲಾವಾ ತಣ್ಣಗಾಗಿ ಹುಟ್ಟಿದ ದ್ವೀಪ ಎಂದು ನೋಟೀಸ್ ಬೋರ್ಡಿನಲ್ಲಿ ಬರೆದಿದ್ದರು. ಸುಮ್ಮನೆ ನೋಡಿಕೊಂಡು ಬರುವ ಪ್ರವಾಸ ಅಲ್ಲ. ಬಂಡೆ ಹತ್ತುವ ಪಂದ್ಯ, ಹಗ್ಗ ಎಳೆಯುವ ಪಂದ್ಯ, ಈಜು ಎಲ್ಲ ಇತ್ತು. ಈಜಿನ ತಂಡಕ್ಕೆ ನನ್ನನ್ನು ಕ್ಯಾಪ್ಟನ್ ಮಾಡಿದ್ದರು. ಕಾಲೇಜಿನಲ್ಲಿ ಈಜಿನಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ ಎಂದು ಟೀ ಹೊತ್ತಿನಲ್ಲಿ ಎಂದೋ ಜಂಬ ಕೊಚ್ಚಿದ್ದೆ. ನಿಜವಾಗಿ ನನಗೆ ಈಜು ಬರುತ್ತಿರಲಿಲ್ಲ. ಮೊಣಕಾಲಿನವರೆಗೆ ನೀರು ಬಂದರೆ ಎದೆ ಡವಗುಟ್ಟುತ್ತಿತ್ತು.

ನಮ್ಮ ತಂಡದಲ್ಲಿ ನಿಜವಾಗಿ ಈಜು ಬಲ್ಲವನು ಮುನಿರಾಜು. ಲೇತ್ ಮೇಲೆ ಕೆಲಸ ಮಾಡುವ ಟರ್ನರ್, ಪೀಣ್ಯದವನೇ. ನಮ್ಮ ಶೆಡ್ಡು ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. "ನಮ್ಮ ತಾತ ಕಣ ಮಾಡ್ತಿದ್ದ ಜಾಗದಾಗೆ ನನ್ನ ಲೇತ್ ಕುಂತೈತೆ ಸಾರ್" ಎಂದು ನಗುತ್ತಿದ್ದ. ಕಾಂಪೌಂಡಿನ ಹಿಂದೆ ಅವರ ಬಾವಿ ಮಾತ್ರ ಉಳಿದಿತ್ತು, ಅದರಲ್ಲೇ ಅವನು ಈಜು ಕಲಿತದ್ದು. ತಂದೆ ಇಲ್ಲ, ಅಕ್ಕಯ್ಯಮ್ಮ ಎಂಬ ತಾಯಿ, ಅವರಿಗೆ ಇವನೊಬ್ಬನೇ ಮಗ. ಬಸ್ಸು ಹೊರಡುವಾಗ ಆಕೆ ಕಿಟಕಿಯ ಹತ್ತಿರ ಬಂದು, ಯಾಕೋ ನನ್ನನ್ನೇ ಆರಿಸಿಕೊಂಡು, "ಸಾಮಿ, ನೀವು ಓದ್ದೋರು. ಇವುನ್ನ ಒಸಿ ನೋಡ್ಕಳಿ" ಎಂದರು. ಆಯಿತಮ್ಮಾ ಎಂದು ದೊಡ್ಡಸ್ತಿಕೆಯಿಂದ ತಲೆ ಆಡಿಸಿದೆ.

ಇನ್ನೊಬ್ಬರ ವಿಷಯ ಹೇಳಬೇಕು. ರಂಗಪ್ಪ, ನಮ್ಮ ಟೂಲ್ ಸ್ಟೋರಿನವರು. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ಅವನ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಗಳನ್ನು ಕೊಟ್ಟಿರುತ್ತಾರೆ. ಸ್ಟೋರಿನಿಂದ ಡ್ರಿಲ್ಲೋ ಅಳತೆ ನೋಡುವ ಗೇಜೋ ಬೇಕಾದರೆ ಬಿಲ್ಲೆ ಕೊಡಬೇಕು, ಅದನ್ನು ಆ ಸಾಮಾನಿನ ಜಾಗದ ಮೊಳೆಗೆ ನೇತುಹಾಕುತ್ತಾರೆ. ವಾಪಸು ತಂದ ಮೇಲೆ ಬಿಲ್ಲೆ ವಾಪಸು. ರಂಗಪ್ಪ ಇದೇ ಪದ್ಧತಿಯನ್ನು ದ್ವೀಪಕ್ಕೂ ತಂದರು. ಒಂದು ಹಲಗೆಗೆ ಮೊಳೆ ಹೊಡೆದುಕೊಂಡು ಬಂದು ದೋಣಿಯಲ್ಲಿಟ್ಟರು. ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಬಿಲ್ಲೆ ನೇತುಹಾಕಬೇಕು, ಹತ್ತುವಾಗ ತೆಗೆದುಕೊಳ್ಳಬೇಕು. "ಬಿಲ್ಲೆ ನೇತಾಡ್ತಾ ಇದ್ರೆ ಆಸಾಮಿ ಇನ್ನೂ ಬಂದಿಲ್ಲ ಅಂತ ಲೆಕ್ಕ. ಬಿಲ್ಲೆ ಇರೋವರ್ಗೂ ದೋಣಿ ಬಿಡಲ್ಲ" ಎಂದರು. ದೋಣಿಯವನಿಗೂ ಈ ಉಪಾಯ ಹಿಡಿಸಿತು. ಅವನು ಪಡುವಣ ಬದಿಯ ಬಂಡೆಗಳನ್ನು ತೋರಿಸಿ, "ಆಚೆ ಬದಿಗೆ ಈಜ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಅಲ್ಲಿ ಸೆಳವು ಉಂಟು" ಎಂದಿದ್ದ.

ದ್ವೀಪಕ್ಕೆ ಕಾಲಿಟ್ಟ ನಮಗೆಲ್ಲ ಮೊದಲು ಕಂಡದ್ದು ಆ ಕಲ್ಲು. ಕರಿಯ ಕಂಬಗಳು, ಒಂದರ ಪಕ್ಕ ಒಂದು, ಹೆಚ್ಚಿನವಕ್ಕೆ ಆರು ಮುಖ. ಬೇರೆಯವರಾದರೆ ದೇವರ ಲೀಲೆ ಎನ್ನುತ್ತಿದ್ದರೇನೋ. ನಮ್ಮವರು, "ಥೇಟ್ ನಮ್ಮ ಷಟ್ಕೋನದ ರಾಡು, ಯಾರೋ ಕಟ್ ಮಾಡಿ ಜೋಡ್ಸವ್ರೆ" ಎಂದರು. ನನಗೆ ನೆಪ ಸಿಕ್ಕಿತು. ಕೋನ ಅಳೆಯುವ ಪ್ರೊಟ್ರಾಕ್ಟರು ಚೀಲದಲ್ಲೇ ಇತ್ತು. ಇವುಗಳ ಕೋನ ಸರಿಯಾಗಿ ನೂರಿಪ್ಪತ್ತು ಡಿಗ್ರಿ ಇದೆಯೇ ನೋಡಿಕೊಂಡು ಬರುತ್ತೇನೆ, ನೀವು ಈಜು ಶುರು ಮಾಡಿ ಎಂದು ಹೇಳಿ ಮೂಡಣ ಬದಿಯ ಬಂಡೆಗಳ ಹಿಂದೆ ಹೋಗಿಬಿಟ್ಟೆ.

ಅಲ್ಲಿ ನಾನು ಮಾಡಿದ್ದೆಲ್ಲ ನೆನಪಿದೆ. ಕಲ್ಲುಗಳನ್ನು ಅಳೆದೆ, ಒಂದರಂತೆ ಒಂದಿರಲಿಲ್ಲ. ನಮ್ಮ ಶೆಡ್ಡಿನಲ್ಲಾಗಿದ್ದರೆ ಒಂದೂ ಪಾಸಾಗುತ್ತಿರಲಿಲ್ಲ ಎಂದುಕೊಂಡೆ. ನೆರಳಿರುವ ಕಡೆ ಕೂತು ಸೀಬೆಹಣ್ಣು ತಿಂದೆ. ನಿದ್ದೆ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ನನ್ನನ್ನು ನಾನೇ ಅತಿ ಹೆಚ್ಚು ಕೇಳಿಕೊಂಡ ಪ್ರಶ್ನೆ ಅದು. ಸ್ವಲ್ಪ ಹೊತ್ತಿನ ಮೇಲೆ ಆಚೆ ಬದಿಯಿಂದ ಕೂಗಾಟ ಕೇಳಿಸಿತು. ಪಂದ್ಯದ ಗಲಾಟೆ ಇರಬೇಕೆಂದುಕೊಂಡೆ. ಹೋಗಿ ನೋಡೋಣ ಎನಿಸಿತು, ಹೋದರೆ ನೀರಿಗೆ ಇಳಿಸುತ್ತಾರೆ ಎಂದು ಮತ್ತೆ ಕೂತೆ. ಗಲಾಟೆ ಪೂರ್ತಿ ನಿಂತ ಮೇಲೆಯೇ ನಾನು ಎದ್ದದ್ದು.

ಬಂಡೆ ದಾಟಿ ಆಚೆ ಹೋದಾಗ ಎಲ್ಲರೂ ಗುಂಪಾಗಿ ನಿಂತಿದ್ದರು. ನಡುವೆ ಚಿಪ್ಪುಗಳ ಮೇಲೆ ಮುನಿರಾಜು ಮಲಗಿದ್ದ. ತುಟಿ ನೀಲಿ, ಆದರೆ ಉಸಿರಾಡುತ್ತಿದ್ದ. ಹುಮ್ಮಸ್ಸಿನಲ್ಲಿ ಪಡುವಣ ಬದಿಗೇ ಈಜಿಕೊಂಡು ಹೋಗಿ ಸೆಳವಿಗೆ ಸಿಕ್ಕಿದ್ದನಂತೆ. ಏನಾಯಿತು ಎಂದು ನಾನು ಬಾಯಿ ತೆರೆಯುವ ಮೊದಲೇ ಗುಂಪು ನನ್ನ ಕಡೆ ತಿರುಗಿತು. ಒಬ್ಬ ಬಂದು ಅಪ್ಪಿಕೊಂಡ. ಇನ್ನೊಬ್ಬ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. "ಬಟ್ಟೆ ಹಾಕ್ಕೊಂಡು ಬರೋಕ್ ಹೋಗಿದ್ರಾ ಸಾರ್? ಎಲ್ಲೋ ಕಾಣೆಯಾದ್ರಲ್ಲ ಅಂತ ಭಯ ಬಿದ್ವಿ" ಎಂದರು ರಂಗಪ್ಪ.

ನನಗೆ ಅರ್ಥವಾಗಲಿಲ್ಲ. ನಿಧಾನವಾಗಿ ತಿಳಿದದ್ದು ಇಷ್ಟು. ಮುನಿರಾಜು ಮುಳುಗುತ್ತಿದ್ದಾಗ ಯಾರಿಗೂ ಧೈರ್ಯ ಬರಲಿಲ್ಲ. ಆಗ ನಾನು ಬಂಡೆಯ ಮೇಲಿಂದ ಓಡಿ ಬಂದೆನಂತೆ. ಅಂಗಿ ಪ್ಯಾಂಟು ಆಗಲೇ ಕಳಚಿತ್ತು. ಕನ್ನಡಕ ತೆಗೆದು ಬಸ್ಸಿನ ಡ್ರೈವರ್ ಬಾಷಾ ಕೈಗೆ ಕೊಟ್ಟು ನೀರಿಗೆ ಹಾರಿದೆನಂತೆ. ಮುನಿರಾಜುವಿನ ಜುಟ್ಟು ಹಿಡಿದು ಎಳೆದುಕೊಂಡು ಬಂದು ದಡಕ್ಕೆ ಹಾಕಿ, ಒಂದು ಮಾತೂ ಆಡದೆ ಬಂಡೆಗಳ ಹಿಂದೆ ಹೋದೆನಂತೆ. ಒಬ್ಬಿಬ್ಬರಲ್ಲ, ಅಲ್ಲಿದ್ದ ಎಲ್ಲರೂ ನೋಡಿದ್ದರು.

ನಾನಲ್ಲ ಎಂದೆ. ಅವರು ನಕ್ಕರು. ತಲೆ ಮುಟ್ಟಿ ನೋಡಿ, ಒಣಗಿದೆ ಎಂದೆ. ಈ ಬಿಸಿಲಿಗೆ ಒಣಗದೆ ಇನ್ನೇನು ಎಂದರು. ಕನ್ನಡಕ ನನ್ನ ಮೂಗಿನ ಮೇಲೇ ಇದೆಯಲ್ಲ ಎಂದೆ. ಆಗ ಮಾತ್ರ ಬಾಷಾ ತನ್ನ ಅಂಗಿಯ ಜೇಬಿಗೆ ಕೈ ಹಾಕಿದ. ಮತ್ತೆ ಇನ್ನೊಂದು ಜೇಬಿಗೆ ಹಾಕಿದ. "ಇಲ್ಲೇ ಇಟ್ಕೊಂಡಿದ್ದೆ ಸಾಬ್" ಎಂದು ಮೆಲ್ಲಗೆ ಹೇಳಿದ. ಊರಿಗೆ ಮರಳುವ ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಬಸ್ಸು ಓಡಿಸಿದ.

ದೋಣಿ ಹತ್ತುವಾಗ ಒಬ್ಬೊಬ್ಬರೂ ತಮ್ಮ ಬಿಲ್ಲೆ ತೆಗೆದುಕೊಂಡರು. ಮುನಿರಾಜುವಿನದನ್ನು ರಂಗಪ್ಪನೇ ತೆಗೆದು ಅವನ ಜೇಬಿಗೆ ಹಾಕಿದರು. ಹಲಗೆ ಖಾಲಿಯಾಯಿತು. ನನ್ನ ಬಿಲ್ಲೆ ಇರಲಿಲ್ಲ. ನಾನು ನೇತುಹಾಕಿದ್ದನ್ನು ರಂಗಪ್ಪ ನೋಡಿದ್ದರು. ದೋಣಿ ಅಲ್ಲಾಡಿದಾಗ ಸಮುದ್ರಕ್ಕೆ ಬಿದ್ದಿರಬೇಕು ಎಂದು ಸಮಾಧಾನ ಮಾಡಿದರು.

ಊರಿಗೆ ಬಂದ ಮೇಲೆ ನನ್ನ ಮರ್ಯಾದೆಯ ಕಾಟ ಶುರುವಾಯಿತು. ಗೇಟಿನ ಬಳಿ ಸಭೆ ಮಾಡಿ ಹಾರ ಹಾಕಿದರು, ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತು, ನನಗೆ ಈಜೇ ಬರುವುದಿಲ್ಲ ಎಂದೆ. ದೊಡ್ಡ ಚಪ್ಪಾಳೆ ಬಿತ್ತು. ಎಂಥ ವಿನಯ ನೋಡ್ರಿ ಎಂದರು. ವಿನಯ ಎಂಬ ಮಾತನ್ನು ಅಂದಿನಿಂದ ಕೇಳಿದರೆ ಆಗದು. ಹಾರದ ಸೇವಂತಿಗೆ ಕುತ್ತಿಗೆಗೆ ಚುಚ್ಚುತ್ತಿತ್ತು. ಒಬ್ಬ ಮನುಷ್ಯ ಸಾಯುತ್ತಿದ್ದಾಗ ನಾನು ಸೀಬೆಹಣ್ಣು ತಿನ್ನುತ್ತಾ ಕೂತಿದ್ದೆ, ಆ ಕೂಗು ನನಗೆ ಕೇಳಿಸುತ್ತಿತ್ತು, ಅದನ್ನು ಮಾತ್ರ ಮೈಕಿನಲ್ಲಿ ಹೇಳಲಾಗಲಿಲ್ಲ.

ಮುನಿರಾಜುವಿಗೆ ಗಂಡು ಮಗು ಹುಟ್ಟಿದಾಗ ನನ್ನ ಹೆಸರಿಟ್ಟರು. ಅಕ್ಕಯ್ಯಮ್ಮ ಪ್ರತಿ ವರ್ಷ ಅವರೆಕಾಯಿ ಕಾಲದಲ್ಲಿ ಜಾಲಹಳ್ಳಿಯ ನಮ್ಮ ಬಾಡಿಗೆ ಮನೆಗೆ ನಡೆದು ಬರುತ್ತಿದ್ದರು. ಸೊಗಡಿನ ಕಾಯಿಯ ಚೀಲ ಇಳಿಸಿ, ನಾನು ಹಿಂದೆ ಸರಿಯುವಷ್ಟರಲ್ಲಿ ಕಾಲು ಮುಟ್ಟಿಬಿಡುತ್ತಿದ್ದರು. ನನ್ನ ತಾಯಿಯ ವಯಸ್ಸಿನವರು. ನನ್ನ ಹೆಂಡತಿ ಅವರೆಕಾಳಿನ ಉಪ್ಪಿಟ್ಟು ಮಾಡಿ ಬಡಿಸಿದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಕಳ್ಳನಿಗೆ ಪ್ರಸಾದ ಕೊಟ್ಟ ಹಾಗೆ.

ಕೆಲವು ವರ್ಷ ಹೀಗೇ ಕಳೆದ ಮೇಲೆ ಒಂದು ಭಾನುವಾರ ಮುನಿರಾಜುವನ್ನು ಅವರ ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಬಾಯಿಮಾತಿಗೆ ಯಾರೂ ಬೆಲೆ ಕೊಡದಿದ್ದರೆ ಪರೀಕ್ಷೆ ಮಾಡಿಯೇ ತೋರಿಸಬೇಕು, ನನ್ನ ಕಸುಬು ಕಲಿಸಿದ್ದು ಅದು. ಕನ್ನಡಕ ಕಳಚಿ ಕಟ್ಟೆಯ ಮೇಲಿಟ್ಟು, ನೋಡು ಎಂದಷ್ಟೇ ಹೇಳಿ ಮೆಟ್ಟಿಲಿನಿಂದ ನೀರಿಗೆ ಬಿದ್ದೆ. ಕಬ್ಬಿಣದ ತುಂಡಿನ ಹಾಗೆ ಮುಳುಗಿದೆ. ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಅವನು ಎಳೆದು ಮೆಟ್ಟಿಲಿನ ಮೇಲೆ ಹಾಕಿದ.

ಅವನು ನನ್ನ ಮುಖವನ್ನು ನೋಡುತ್ತಿದ್ದ. ಅವತ್ತು ನೀರಿನಲ್ಲಿ ಕಂಡದ್ದು ಈ ಮುಖವೇ ಅಲ್ಲವೇ ಎಂದು ಹೊಂದಿಸಿ ನೋಡುವ ಹಾಗಿತ್ತು. ಕೊನೆಗೆ, "ಅಂಗಾದ್ರೆ ಅವತ್ತು ಬಂದೋನು ಯಾರು ಸಾರ್?" ಎಂದ.

ಗೊತ್ತಿಲ್ಲ ಎಂದೆ. ಇಷ್ಟು ವರ್ಷದ ಮೇಲೆ ಒಬ್ಬ ನನ್ನ ಮಾತು ನಂಬಿದ್ದ, ಹಗುರಾಗಬೇಕಿತ್ತು, ಆಗಲಿಲ್ಲ. ಅವನು ಒದ್ದೆ ಕೈಯಿಂದಲೇ ನನ್ನ ಕನ್ನಡಕ ತಂದುಕೊಟ್ಟು, "ಅವ್ವಂಗೆ ಮಾತ್ರ ಏಳ್ಬ್ಯಾಡಿ. ಅವಳ್ಗೆ ಕೈ ಮುಗಿಯೋಕೆ ಒಂದು ಮುಖ ಬೇಕು" ಎಂದ.

ಬಟ್ಟೆ ಒಣಗಲಿ ಎಂದು ಮನೆಗೆ ಕರೆದುಕೊಂಡು ಹೋದ. ಅದುವರೆಗೆ ನಾನು ನಾಚಿಕೆಯಿಂದ ಅವರ ಹೊಸಿಲು ತುಳಿದಿರಲಿಲ್ಲ, ಎಷ್ಟು ಕರೆದರೂ ಏನಾದರೊಂದು ಕೆಲಸ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅಕ್ಕಯ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. ತೊಯ್ದು ನಿಂತ ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅವತ್ತೂ ಇಂಗೇ ತೊಪ್ಪೆಯಾಗಿ ಬಂದು ನಿಂತಿದ್ರಿ" ಎಂದರು.

ಯಾವತ್ತು ಎಂದು ಕೇಳಿದೆ.

"ನೀವೆಲ್ಲ ಸಮುದ್ರುಕ್ ಓಗಿದ್ರಲ್ಲ, ಅವತ್ತು ಮದ್ಯಾನ. ಬಾಗ್ಲಾಗೆ ನಿಂತ್ಕಂಡು, ಅಮ್ಮಾ, ಮಗ ಬತ್ತಾನೆ, ಇದು ಇಟ್ಕಂಡಿರಿ ಅಂದ್ರಿ. ನೀರು ತರಾನ ಅಂತ ಒಳಿಕ್ ಓದೆ, ಬರಾ ಒತ್ಗೆ ಒಂಟೋಗಿದ್ರಿ." ಹೀಗೆಂದು ದೇವರ ಗೂಡಿನ ಕಡೆ ಕೈ ತೋರಿಸಿದರು.

ಮುನಿರಾಜು ನನ್ನನ್ನು ನೋಡಿದ. ಅವನಿಗೂ ಇದು ಹೊಸ ಸುದ್ದಿ ಎಂದು ಅವನ ಮುಖವೇ ಹೇಳುತ್ತಿತ್ತು. ಆ ಹೊತ್ತಿನಲ್ಲಿ ನಾವೆಲ್ಲ ಇದ್ದದ್ದು ಮಲ್ಪೆಯ ಆಚೆ, ಒಂದು ಹಗಲಿನ ಬಸ್ ಪ್ರಯಾಣದಷ್ಟು ದೂರದಲ್ಲಿ. ಗೂಡಿನ ಪಕ್ಕದ ಗೋಡೆಯಲ್ಲಿ ಒಂದು ಮೊಳೆ, ಮೊಳೆಯಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡ ಹಿತ್ತಾಳೆ ಬಿಲ್ಲೆ. ಹತ್ತಿರ ಹೋಗಿ ಕುಂಕುಮವನ್ನು ಬೆರಳಿನಿಂದ ಒರೆಸಿದೆ. ನನ್ನ ನಂಬರು. ಅಂಚಿನಲ್ಲಿ ಹಿಂದೊಮ್ಮೆ ನಾನೇ ವೈಸಿನ ಕಬ್ಬಿಣದ ಹಿಡಿತಕ್ಕೆ ಸಿಕ್ಕಿಸಿ ಮಾಡಿದ್ದ ಗಾಯವೂ ಇತ್ತು. ಅದು ತಾಯಿಯ ಯಾವುದೋ ಹರಕೆಯ ಬಿಲ್ಲೆ ಎಂದೇ ಮುನಿರಾಜು ಅಷ್ಟು ವರ್ಷ ತಿಳಿದಿದ್ದನಂತೆ.

ಯಾರಾದರೂ ದ್ವೀಪದಿಂದ ತಂದು ಆಕೆಗೆ ಕೊಟ್ಟಿರಬಹುದು, ಆಕೆಗೆ ದಿನ ಮರೆತು ಮುಖ ಅದಲುಬದಲಾಗಿರಬಹುದು. ಈ ಲೆಕ್ಕಗಳನ್ನೆಲ್ಲ ನಾನು ಹಾಕಿದ್ದೇನೆ. ಯಾವುದೂ ಗೇಜಿಗೆ ಕೂರುವುದಿಲ್ಲ.

"ನಿಮ್ದೇ ಅಲ್ವಾ, ಬೇಕಾರೆ ತಕ್ಕಳಿ ಸಾಮಿ" ಎಂದರು ಅಕ್ಕಯ್ಯಮ್ಮ. ನಾನು ಕೈ ಚಾಚಲಿಲ್ಲ. ಇಲ್ಲೇ ಇರಲಿ ಎಂದೆ. ಆಕೆ ಬಗ್ಗಿ ನನ್ನ ಕಾಲು ಮುಟ್ಟಿದರು. ಆ ಸಲ ನಾನು ಹಿಂದೆ ಸರಿಯಲೂ ಇಲ್ಲ. ಮುನಿರಾಜು ಗೋಡೆ ನೋಡುತ್ತಾ ನಿಂತಿದ್ದ, ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

ಆಕೆ ಈಗ ಇಲ್ಲ. ಬಿಲ್ಲೆಯನ್ನು ಮುನಿರಾಜು ತೆಗೆದಿಲ್ಲ, ಹಬ್ಬಕ್ಕೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಆಗ ರಂಗಪ್ಪನ ಮಾತು ನೆನಪಾಗುತ್ತದೆ: ಬಿಲ್ಲೆ ನೇತಾಡುತ್ತಿದ್ದರೆ ಆಸಾಮಿ ಇನ್ನೂ ಬಂದಿಲ್ಲ ಅಂತ ಲೆಕ್ಕ. ಆ ಲೆಕ್ಕದ ಪ್ರಕಾರ ನನ್ನ ಮುಖ ಹೊತ್ತ ಇಬ್ಬರಲ್ಲಿ ಒಬ್ಬ ಇನ್ನೂ ಆ ದ್ವೀಪದಿಂದ ವಾಪಸು ಬಂದಿಲ್ಲ. ನೀರಿಗೆ ಹಾರಿದವನೋ, ಬಂಡೆಯ ಹಿಂದೆ ಕೂತು ಸೀಬೆಹಣ್ಣು ತಿಂದವನೋ, ನನಗೆ ತಿಳಿಯದು. ಹಾರ ಹಾಕಿಸಿಕೊಂಡವನು ಯಾರೆಂದು ಮಾತ್ರ ಚೆನ್ನಾಗಿ ಗೊತ್ತಿದೆ.