ಜೋನಿ ಬೆಲ್ಲದ ಅತ್ತರು

ನಮ್ಮ ಮನೆಯವರಿಗೆ ಸಿಹಿ ಎಂದರೆ ಜೀವ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಇವರ ಎಲೆಯ ಹತ್ತಿರ ಬಂದರೆ ಮುಂದೆ ಹೋಗುವಂತಿಲ್ಲ. "ಹಾಕು ಮಾರಾಯ, ನಿನ್ ಅಪ್ಪನ ಮನೆ ಗಂಟೇನೂ ಹೋಗೂದಿಲ್ಲ" ಎಂದು ಇವರು ಕೈ ಹಿಡಿದು ನಿಲ್ಲಿಸುವುದು, ಎದುರಿನ ಪಂಕ್ತಿಯಿಂದ ನಾನು ಕಣ್ಣು ಬಿಡುವುದು, ಹೊನ್ನಾವರದ ಸುತ್ತ ನಾವು ಹೋದ ಮದುವೆಗಳಲ್ಲೆಲ್ಲ ನಡೆದದ್ದೇ. ಮನೆಗೆ ಬಂದ ಮೇಲೆ ನಾನು ಬೈದರೆ, ಊಟ ತನ್ನಿಚ್ಛೆ ಎಂದು ಗಾದೆಯೇ ಇದೆಯಲ್ಲ ಎಂದು ನಗುತ್ತಿದ್ದರು.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಮಂಗಳೂರಿನಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಈಗ ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ಒಳಗಿನ ಹೊಲಿಗೆ ಸರಿಯಾಗಿ ಕೂಡಲಿಲ್ಲ, ಹಾಗಾಗಿ ಬಾಯಿಗೆ ಏನನ್ನೂ ಕೊಡುವಂತಿಲ್ಲ. ಹಾಲು, ರಾಗಿ ಗಂಜಿ, ಮಾತ್ರೆಯ ಪುಡಿ, ಎಲ್ಲವೂ ನೇರ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ. ಮಾತಿಲ್ಲ. ಅವರು ತುಟಿ ಆಡಿಸುತ್ತಾರೆ, ನಾನು ನೋಡಿ ತಿಳಿದುಕೊಳ್ಳುತ್ತೇನೆ. ಶುರುವಿನಲ್ಲಿ ಅದೂ ಬರುತ್ತಿರಲಿಲ್ಲ. "ಎಂತ? ಇನ್ನೊಂದ್ಸಲ ಹೇಳಿ!" ಎಂದು ಕಿವುಡರ ಹತ್ತಿರ ಕೂಗಿದ ಹಾಗೆ ಕೂಗುತ್ತಿದ್ದೆ. ಅವರ ಕಿವಿಗೆ ಏನೂ ಆಗಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿದರು. ಗಂಜಿ ತಂದರೆ ಕೈಯಿಂದ ದೂಡುತ್ತಾರೆ. ಬೈದೆ, ಅತ್ತೆ, ದೇವರ ಆಣೆ ಹಾಕಿದೆ. ತೂಕ ಇಳಿಯುತ್ತಲೇ ಹೋಯಿತು. ಸಾಯುವುದಕ್ಕೆ ಮನಸ್ಸು ಮಾಡಿದ್ದಾರೆ ಎಂದು ನನಗೆ ಗೊತ್ತಾಯಿತು. ಏನಾದರೊಂದು ಬೇಕು ಎಂದು ಇವರಿಗೆ ಅನ್ನಿಸಬೇಕು, ಅಷ್ಟೇ ನನ್ನ ಆಸೆಯಾಗಿತ್ತು.

ನಾನು ಕೆಲಸ ಮಾಡುವುದು ಪೇಟೆಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ. ಬಳೆ, ಕ್ಲಿಪ್ಪು, ಪೌಡರು, ಸೆಂಟು. ಭಟ್ಕಳದ ಒಬ್ಬಳು ಹುಡುಗಿ ಮನೆಯಲ್ಲೇ ಸೆಂಟು ತಯಾರಿಸಿ ಫೋನಿನಲ್ಲಿ ಮಾರುತ್ತಾಳೆ, ನಮ್ಮ ಅಂಗಡಿಯಲ್ಲೂ ಒಂದಿಷ್ಟು ಇಟ್ಟು ಹೋಗುತ್ತಾಳೆ. ಅವಳ ಮನೆಯವರೆಲ್ಲ ಹಚ್ಚುವುದು ಎಣ್ಣೆಯ ಅತ್ತರು. ಇವಳು ಎಣ್ಣೆಯದನ್ನೂ ಮಾಡುತ್ತಾಳೆ, ಸ್ಪಿರಿಟ್ ಹಾಕಿದ ಸ್ಪ್ರೇಯನ್ನೂ ಮಾಡುತ್ತಾಳೆ. ಆ ಸಲ ಚಳಿಗಾಲಕ್ಕೆಂದು ಬರೀ ಸಿಹಿತಿಂಡಿಯ ವಾಸನೆಗಳನ್ನು ತಂದಿದ್ದಳು. ನಮ್ಮ ಕರಾವಳಿಯ ಚಳಿಗಾಲ ಎಂದರೆ ಬಿಸಿಲು ಏರುವ ತನಕದ ಮಾತು. ಅದಕ್ಕೊಂದು ಬೇರೆ ಸೆಂಟು! ಪೆಟ್ಟಿಗೆ ಬಿಚ್ಚಿದರೆ ಒಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಹತ್ತಿ, ಹತ್ತಿಯೊಳಗೆ ಬೆರಳುದ್ದದ ಸೀಸೆ. ಮೂಗಿಗಿಂತ ಮೂಗುತಿ ಭಾರ.

"ತಿಂಬೂದನ್ನ ಮೈಗೆ ಹಚ್ಕಂಡ್ರೆ ಇರುವೆ ಮುತ್ಕಂತದೆ, ಅಷ್ಟೇ" ಎಂದೆ.

"ಒಮ್ಮೆ ಮೂಸಿ ನೋಡಿ ಅಕ್ಕಾ, ಆಮೇಲೆ ಹೇಳಿ" ಎಂದು ಒಂದು ಸೀಸೆಯ ಮುಚ್ಚಳ ತೆಗೆದಳು.

ಜೋನಿ ಬೆಲ್ಲ. ಕುಮಟೆಯ ನನ್ನ ತವರಿನ ಹತ್ತಿರ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು, ಗಟ್ಟಿಯಾಗುವ ಮೊದಲೇ ಇಳಿಸಿ ಡಬ್ಬಕ್ಕೆ ಹೊಯ್ಯುವ ನೀರು ಬೆಲ್ಲ. ಕೊಪ್ಪರಿಗೆಯ ತಳ ಸ್ವಲ್ಪ ಹಿಡಿದ ವಾಸನೆ ಕೂಡ ಅದರಲ್ಲಿತ್ತು. ಮದುವೆಯಾದ ಹೊಸತರಲ್ಲಿ ಇವರು ತವರಿಗೆ ಬಂದಾಗ ದೋಸೆಗೆ ಈ ಬೆಲ್ಲ ಹೊಯ್ದುಕೊಂಡು ಮೊಣಕೈ ತನಕ ಇಳಿಸಿಕೊಂಡು ತಿಂದಿದ್ದರು, ನನ್ನ ತಂಗಿಯರು ಇವತ್ತಿಗೂ ಹೇಳಿ ನಗುತ್ತಾರೆ. ಅಂಗಡಿಯಲ್ಲಿ ನಿಂತೇ ನನಗೆ ಹೊಳೆಯಿತು. ಬಾಯಿ ಹೋದರೇನು, ಮೂಗು ಇದೆಯಲ್ಲ.

ಮೊದಲು ಒಯ್ದದ್ದು ಸ್ಪ್ರೇ. ಹಾಸಿಗೆಯ ಹತ್ತಿರ ನಿಂತು ಎರಡು ಸಲ ಒತ್ತಿದೆ. ಇವರು ಕೆಮ್ಮಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಕುತ್ತಿಗೆಯ ತೂತಿನಿಂದ ಕಫ ಹಾರಿತು, ಕಣ್ಣು ಮೇಲೆ ಹೋಯಿತು. ಕಿಟಕಿ ತೆಗೆದು ಕಫ ಒರೆಸಿದೆ. ಕೆಮ್ಮು ನಿಂತ ಮೇಲೆ ನನ್ನ ದಡ್ಡ ತಲೆಗೆ ಬಂದದ್ದು ಒಂದೇ ಯೋಚನೆ: ಇಷ್ಟು ಕೆಮ್ಮಿದರು ಎಂದರೆ ವಾಸನೆ ಮುಟ್ಟಿದೆ.

ಮರುದಿನ ಹುಡುಗಿಗೆ ಫೋನು ಮಾಡಿ ಹೇಳಿದರೆ ಅವಳು ಗಾಬರಿಯಾದಳು. "ಅಯ್ಯೋ, ಅವರ ಹತ್ರ ಸ್ಪ್ರೇ ಬೇಡವೇ ಬೇಡ ಅಕ್ಕಾ. ಸ್ಪಿರಿಟ್ ಗಾಳಿಗೆ ಹಾರ್ತದೆ, ಇಡೀ ಕೋಣೆ ತುಂಬ್ತದೆ, ಆಮೇಲೆ ಎಂತ ಇಲ್ಲ. ಎಣ್ಣೆದು ಕೊಡ್ತೇನೆ. ಅದು ಹಚ್ಚಿದಲ್ಲೇ ಇರ್ತದೆ, ಮೆಲ್ಲಗೆ ಬರ್ತದೆ." ಬಸ್ಸಿನವನ ಕೈಯಲ್ಲಿ ಒಂದು ಪುಟ್ಟ ಸೀಸೆ ಕಳಿಸಿದಳು.

ಅಂದಿನಿಂದ ಅದೇ ನನ್ನ ಸಂಜೆ. ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಅವರ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚುವುದು. ಅವರು ಕೈಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. "ಬಂತಾ?" ಎಂದರೆ ತಲೆ ಆಡಿಸುತ್ತಿದ್ದರು. ಆಮೇಲೆ ನಾನು ಆಲೆಮನೆಯ ಕಥೆ, ದೋಸೆಯ ಕಥೆ ತೆಗೆಯುತ್ತಿದ್ದೆ. ಹೇಳುತ್ತ ಹೇಳುತ್ತ ನಳಿಕೆಗೆ ಗಂಜಿ ಬಿಡುತ್ತಿದ್ದೆ. ಅವರು ದೂಡುತ್ತಿರಲಿಲ್ಲ. ಆಮೇಲೆ ಕಾಯಿಹಾಲು ಏಲಕ್ಕಿಯ ಅತ್ತರು ಬಂತು, ಗೇರುಬೀಜದ ಹಲ್ವದ್ದು ಬಂತು. ಯಾವುದನ್ನು ಹಚ್ಚಿದರೂ ಅಷ್ಟೇ ಸುಖದಿಂದ ಕಣ್ಣು ಮುಚ್ಚುತ್ತಿದ್ದರು. ಅಂಗಡಿಯಲ್ಲಿ ಕೇಳಿದವರಿಗೆಲ್ಲ ಹೇಳಿದೆ, ಎಣ್ಣೆಯದೇ ತಕಳ್ಳಿ, ಸ್ಪ್ರೇ ದಂಡ ಎಂದು. ನನಗೆ ಸೊಕ್ಕು ಬಂದಿತ್ತು. ಡಾಕ್ಟರರಿಗೆ ಆಗದ್ದನ್ನು ಒಂದು ಸೀಸೆಯಿಂದ ಮಾಡಿದ್ದೇನೆ ಎಂದುಕೊಂಡಿದ್ದೆ.

ಮೊನ್ನೆ ಡಿಸೆಂಬರಿನಲ್ಲಿ ಒಂದು ಸಂಜೆ ಗೇಟು ತೆಗೆಯುವಾಗಲೇ ಗ್ಯಾಸಿನ ವಾಸನೆ. ಜಗಲಿ ಹತ್ತುವಷ್ಟರಲ್ಲಿ ತಲೆ ತಿರುಗುವಂತಾಯಿತು. ಒಳಗೆ ಓಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿ ಆರಿತ್ತು, ಗ್ಯಾಸು ಸುಯ್ಯೆನ್ನುತ್ತಿತ್ತು. ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ತಿರುಗಿದರೆ, ಅಡಿಗೆಮನೆಯ ಬಾಗಿಲಿಗೆ ತಾಗಿಕೊಂಡೇ ಇರುವ ಕುರ್ಚಿಯಲ್ಲಿ ಇವರು ಆರಾಮಾಗಿ ಪೇಪರು ಓದುತ್ತ ಕೂತಿದ್ದಾರೆ. ಈಚೆಗೆ ಎದ್ದು ಓಡಾಡುವಷ್ಟಾಗಿದ್ದರು, ಹಾಲು ಬಿಸಿಗಿಟ್ಟವರು ಅವರೇ.

ತೋಳು ಹಿಡಿದು ಎಳೆದು ಅಂಗಳಕ್ಕೆ ತಂದೆ. "ಕೂತಲ್ಲೇ ಸಾಯ್ತಿದ್ರಲ್ಲ! ಇಷ್ಟು ವಾಸನೆ, ನಿಮ್ಗೆ ಗೊತ್ತಾಗಿಲ್ವಾ?"

ಇಲ್ಲ ಎಂದು ತಲೆ ಆಡಿಸಿದರು.

"ಇಲ್ಲ ಅಂದ್ರೆ ಎಂತ?"

ಅವರು ನನ್ನ ಮುಖ ನೋಡಿದರು. ಮೂಗನ್ನು ಮುಟ್ಟಿ ಕೈ ಅಲ್ಲಾಡಿಸಿದರು. ಆಮೇಲೆ ಕುತ್ತಿಗೆಯ ತೂತನ್ನು ತೋರಿಸಿದರು. ಉಸಿರು ಇಲ್ಲಿಂದ ಹೋಗುತ್ತದೆ, ಅಲ್ಲಿಂದಲ್ಲ. ಚಿಕ್ಕ ಮಕ್ಕಳಿಗೂ ಗೊತ್ತಾಗುವ ವಿಷಯ. ಮೂಗಿನಲ್ಲಿ ಗಾಳಿಯೇ ಆಡದಿದ್ದರೆ ವಾಸನೆ ಎಲ್ಲಿಂದ ಬರಬೇಕು? ಆಸ್ಪತ್ರೆಯಲ್ಲಿ ಹೇಳಿದ್ದರೋ ಏನೋ. ಬದುಕುತ್ತಾರಾ ಎಂಬ ಒಂದು ಪ್ರಶ್ನೆಯ ಉತ್ತರ ಬಿಟ್ಟು ಬೇರೆ ಯಾವ ಮಾತೂ ಆಗ ನನ್ನ ತಲೆಗೆ ಹೋಗಿರಲಿಲ್ಲ.

"ಆಪರೇಷನ್ ಆದಾಗಿಂದನಾ?"

ಹೌದು.

"ಬೆಲ್ಲ? ಹಲ್ವ? ಒಂದೂ ಬರ್ಲಿಲ್ವಾ?"

ಇಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತಿದ್ದರೂ ನಾನು ಕೂಗಿದೆ. "ಮತ್ತೆ ಎಂತಕೆ ಕಣ್ಣು ಮುಚ್ತಿದ್ರಿ? ಎಂತಕೆ ತಲೆ ಆಡಿಸ್ತಿದ್ರಿ? ನನ್ನ ಮರ್ಳು ಮಾಡ್ತಿದ್ರಾ?"

ಅವರು ನಕ್ಕರು. ಹೋಳಿಗೆ ಬಡಿಸುವವನ ಕೈ ಹಿಡಿಯುವಾಗ ನಗುತ್ತಿದ್ದರಲ್ಲ, ಅದೇ ನಗು. ತುಟಿ ಆಡಿಸಿದರು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಆಡಿಸಿದರು.

"ನಿಂಗೊಂದು ಕೆಲ್ಸ ಬೇಕಿತ್ತಲ."

ಮನೆಯೊಳಗಿನ ಗ್ಯಾಸು ಹೋಗುವ ತನಕ ಇಬ್ಬರೂ ಅಂಗಳದಲ್ಲೇ ಕೂತೆವು. ಆಮೇಲೆ ಒಲೆ ಒರೆಸಿ ಬೇರೆ ಹಾಲು ಕಾಯಿಸಿ ಆರಿಸಿ ಅವರ ಹಾಸಿಗೆಯ ಹತ್ತಿರ ತಂದೆ. ನಳಿಕೆಯ ಮುಚ್ಚಳ ತೆಗೆಯಲು ಹೋದರೆ ಅವರು ನನ್ನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ ಗೋಡೆಯ ಕಡೆ ತಿರುಗಿದರು. ಇಷ್ಟು ದಿನ ಆ ಗಂಜಿಯನ್ನು ಅವರು ತೆಗೆದುಕೊಂಡದ್ದು ನನಗಾಗಿ. ಗುಟ್ಟು ಒಡೆದ ಮೇಲೆ ಇನ್ನು ಅದರ ಅಗತ್ಯವಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಬಟ್ಟಲು ಹಿಡಿದುಕೊಂಡು ನಾನು ಅಲ್ಲೇ ಕೂತೆ. ಹಾಲು ಕೆನೆ ಕಟ್ಟಿತು.