ಕೆಂಪು ಚುಕ್ಕೆಯ ಮೇಲಿನ ಮುಳ್ಳು

ಅವ್ವ ವಿಮಾನ ಹತ್ತಲು ಒಪ್ಪಿದ್ದು ಒಂದೇ ಕರಾರಿನ ಮೇಲೆ. ರೇಡಿಯೋ ಅವಳ ಕೈಯಲ್ಲೇ ಬರಬೇಕು, ಅದರ ಮುಳ್ಳನ್ನು ದಾರಿಯಲ್ಲಿ ಯಾರೂ ಅಲುಗಿಸಕೂಡದು.

ಅಕ್ಕ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳಿಗೆ ರಜೆ ಸಿಗಲಿಲ್ಲ. "ಆಕಿಗೆ ತವರಿಗೆ ಬರಾಕ ಆಗಲಿಲ್ಲಂದ್ರ ತವರ ಆಕಿ ಕಡೆ ಹೋಗ್ತದ, ಅದಕ್ಕೇನಾತು?" ಎಂದು ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಬಿಟ್ಟಳು. ಸುರಪುರದ ಸಂತೆ, ಯಾದಗಿರಿಯ ದೊಡ್ಡಾಸ್ಪತ್ರೆ ಬಿಟ್ಟರೆ ಬೇರೆ ಊರು ಕಾಣದ ಹೆಂಗಸು. ಜೊತೆಗೆ ಹೋಗುವ ಸರದಿ ನನ್ನದು. ಶಹಾಪುರದ ಶಾಲೆಯಲ್ಲಿ ಪಾಠ ಹೇಳುವವಳು ನಾನು, ಇಂಗ್ಲಿಷು ಬರುತ್ತದೆಂಬ ಜಂಬ ಬೇರೆ.

ರೇಡಿಯೋ ಅಪ್ಪನದು. ಅಪ್ಪ ಕಕ್ಕೇರಾದ ಹತ್ತಿರ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದ. ದೂರದೇಶದ ಕನ್ನಡಿಗರಿಗೆಂದು ಬೆಂಗಳೂರಿನಿಂದ ಬೆಳಗಿನ ಹೊತ್ತು ಶಾರ್ಟ್‌ವೇವಿನಲ್ಲಿ ಕನ್ನಡ ಬರುತ್ತದೆ, ದಿನಾ ಕೇಳುತ್ತೇನೆ ಎಂದು ಅಕ್ಕ ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಮರುದಿನದಿಂದಲೇ ಅಪ್ಪ ಅದನ್ನು ಹುಡುಕಲು ಕೂತ. ಕೊನೆಗೆ ಸಿಕ್ಕಿತು. ಗೇಟಿನ ಅಳತೆಗಲ್ಲಿಗೆ ಅಂಕಿ ಬರೆಯಲು ತಂದಿದ್ದ ಕೆಂಪು ಬಣ್ಣದಲ್ಲಿ ಬೆರಳದ್ದಿ, ಮುಳ್ಳು ನಿಂತ ಜಾಗದಲ್ಲಿ, ರೇಡಿಯೋದ ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟ. ಓದು ಬಾರದ ಅವ್ವನಿಗೂ ಸಿಗಲಿ ಎಂದು. "ಈಗ ಆಕಿನೂ ಇದನ್ನ ಕೇಳಾಕತ್ತಾಳ ನೋಡು," ಎನ್ನುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತ ಕರಕರ ಸದ್ದಿನ ನಡುವೆ ಆ ದನಿ ಕೇಳುತ್ತಿದ್ದರು. ವಾರ್ತೆ ಓದುವಾಕೆಯ ಪ್ರತಿ ಮಾತಿಗೂ ಅಪ್ಪ ಹೂಂಗುಡುವುದನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಅಪ್ಪ ತೀರಿಕೊಂಡಾಗ ಅಕ್ಕನಿಗೆ ಬರಲಾಗಲಿಲ್ಲ. ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ನನಗೆ ಅಳುವೇ ಬರವಲ್ಲದು ಎಂದು ಫೋನಿನಲ್ಲಿ ಒಣ ದನಿಯಲ್ಲಿ ಹೇಳಿದಳು. ಅವ್ವನಿಗೆ ಅದೇ ಕೊರಗಾಯಿತು. ಅಂದಿನಿಂದ ಅವಳು ಸದ್ದಿನ ಗುಂಡಿಯನ್ನಷ್ಟೇ ತಿರುಗಿಸುತ್ತಿದ್ದಳು. ಮುಳ್ಳಿನ ಗುಂಡಿಗೆ ತಾನೂ ಕೈ ಹಚ್ಚಲಿಲ್ಲ, ನನಗೂ ಹಚ್ಚಗೊಡಲಿಲ್ಲ. ಅಪ್ಪ ಕಡೆಯ ಸಲ ನಿಲ್ಲಿಸಿದಲ್ಲೇ ನಿಂತು ಅದು ಅಕ್ಕನ ಕೈ ಸೇರಬೇಕಿತ್ತು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನಮ್ಮ ಚೀಲ ಬಿಚ್ಚಿಸಿದ. ಕಡಕ್ ರೊಟ್ಟಿಗಳ ನಡುವೆ ಹಳೆಯ ಸೀರೆಯಲ್ಲಿ ಸುತ್ತಿದ ರೇಡಿಯೋ, ಏರಿಯಲ್ಲಿಗೆಂದು ಸುರುಳಿ ಸುತ್ತಿದ ತಾಮ್ರದ ತಂತಿ. ನೋಡಿದವರಿಗೆ ಅನುಮಾನ ಬರದಿದ್ದರೆ ಆಶ್ಚರ್ಯ. ತಂತಿ ಬಿಡುವ ಹಾಗಿಲ್ಲ ಎಂದ. ಅವ್ವ ಮರುಮಾತಿಲ್ಲದೆ ಕೊಟ್ಟಳು. ರೇಡಿಯೋ ನಿಜವಾಗಿ ರೇಡಿಯೋನೇ ಎಂದು ಹಚ್ಚಿ ತೋರಿಸಿ ಎಂದ. ಹಚ್ಚಿದರೆ ಉಸಿರಿಲ್ಲ.

ಆಗ ಹೊರಬಿತ್ತು ಅವ್ವನ ಜಾಣತನ. ಹೊಸ ಸೆಲ್ಲುಗಳನ್ನು ಅಕ್ಕನ ಮನೆಗೆಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟಿದ್ದಳು, ಅದು ಆಗಲೇ ಬೆಲ್ಟಿನ ಮೇಲೆ ಒಳಗೆ ಹೋಗಿತ್ತು. ದಾರಿಗೆ ಹಳೆಯವೇ ಸಾಕೆಂದು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ತೀರಿದ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ ಹಾಕಿ ತಂದಿದ್ದಳು. ವಿಮಾನಕ್ಕೂ ಒಣಸೆಲ್ಲು! ನನಗೆ ಸಿಟ್ಟು ನೆತ್ತಿಗೇರಿತು.

ತಪಾಸಣೆಯವನು ಮುಳ್ಳಿನ ಗುಂಡಿಗೆ ಕೈ ಹಾಕಿದ್ದೇ ತಡ, ಅವ್ವ ಅವನ ಮಣಿಕಟ್ಟು ಹಿಡಿದಳು. "ಅದೊಂದು ಮುಟ್ಟಬ್ಯಾಡ್ರಿ!"

ಇಂಗ್ಲಿಷಿನಲ್ಲಿ ಏನೋ ಹೇಳಹೋಗಿ ತೊದಲಿದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಸುರಪುರದ ಸಂತೆಯಲ್ಲಿ ಬಳೆಗಾರರೊಂದಿಗೆ ಚೌಕಾಸಿ ಮಾಡಿ ಕಲಿತ ಉರ್ದು ಮಾತಿನಲ್ಲಿ ಶುರು ಮಾಡಿದಳು. "ಸೆಲ್ಲಾಂ ಠಂಡೆ ಹೋ ಗಯೇ ಬೇಟಾ, ಜರಾ ಧೂಪ್ ದಿಖಾನಾ." ಸೆಲ್ಲು ತಣ್ಣಗಾಗಿವೆ ಮಗಾ, ಚೂರು ಬಿಸಿಲು ತೋರಿಸಬೇಕು.

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. ತನ್ನ ತಾಯಿಯೂ ಹೀಗೇ ಒಣಗಿಸುತ್ತಿದ್ದಳು ಎಂದು ಅದೇ ಮಾತಿನಲ್ಲಿ ಹೇಳಿ, ಗಾಜಿನ ಗೋಡೆಯ ಬಳಿ ನೆಲದ ಮೇಲೆ ಬಿದ್ದಿದ್ದ ಬಿಸಿಲು ತೋರಿಸಿದ. ಕೋಟು ಬೂಟಿನವರು ಓಡಾಡುವ ಆ ಹೊಳೆಯುವ ನೆಲದ ಮೇಲೆ ಅವ್ವ ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗು ಹಾಸಿ ಸೆಲ್ಲು ಸಾಲಾಗಿ ಇಟ್ಟಳು. ಆಗಾಗ ಹಪ್ಪಳ ಮಗುಚಿದಂತೆ ಮಗುಚಿದಳು. ನಮ್ಮ ವಿಮಾನಕ್ಕೆ ಕರೆ ಬಂತು. ನಾನು ಚಡಪಡಿಸಿದೆ. "ಯವ್ವಾ, ಬಿಟ್ಟು ನಡಿ, ಅಲ್ಲಿ ಬ್ಯಾರೆ ರೇಡಿಯೋ ಕೊಡಸ್ತೀನಿ!"

"ಬ್ಯಾರೆದ್ರಾಗ ನಿಮ್ಮಪ್ಪನ ಬಟ್ಟು ಇರ್ತದೇನು?" ಎಂದಳು, ತಲೆ ಎತ್ತದೆ.

ಅಷ್ಟು ಜನರ ಕಣ್ಣೆದುರು ಅಷ್ಟು ನಿರಾಳವಾಗಿ ಕೂರುವ ಎದೆಗಾರಿಕೆ ನನಗಂತೂ ಇಲ್ಲ. ನನಗೇ ತಿಳಿಯದೆ ಅವಳ ಪಕ್ಕ ಕೂತು ಸೆಲ್ಲು ಮಗುಚತೊಡಗಿದ್ದೆ.

ಬೆಚ್ಚಗಾದ ಸೆಲ್ಲು ಹಾಕಿ ಸದ್ದಿನ ಗುಂಡಿ ತಿರುಗಿಸಿದಾಗ ರೇಡಿಯೋ ಕೆಮ್ಮಿ, ಕರ್ರೆಂದಿತು. ಬರಿ ಕರ್ರೆನ್ನುವ ಸದ್ದೇ. ಆದರೂ ತಪಾಸಣೆಯವನು "ಬಸ್, ಅಮ್ಮಾ" ಎಂದು ಕೈಮುಗಿದು ದಾರಿ ಬಿಟ್ಟ. ವಿಮಾನದಲ್ಲಿ ರೇಡಿಯೋ ಹಚ್ಚಬಾರದು ಎಂದು ಗಗನಸಖಿ ಹೇಳಿದ್ದನ್ನು ನಾನು ತಿಳಿಸಿದೆ. "ಹಚ್ಚಂಗಿಲ್ಲ ಅಂತ ಹೇಳು, ಸೆಲ್ ಖರ್ಚಾಗ್ತಾವ," ಎಂದು ಅವ್ವ ಅದನ್ನು ಮಸ್ಕತ್ತಿನ ತನಕ ಮಡಿಲಲ್ಲೇ ಹಿಡಿದು ಕೂತಳು.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಮಾಳಿಗೆ. ಅವ್ವ ಹೊಸ ಸೆಲ್ಲು ಹಾಕಿದಳು. ಬಟ್ಟೆ ಒಣಹಾಕುವ ತಂತಿಗೆ ರೇಡಿಯೋದ ಏರಿಯಲ್ ಕಡ್ಡಿ ತಾಗಿಸಿದಳು. ತುಂಬು ಬಸುರಿ ಅಕ್ಕ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ಹೊತ್ತಾಯಿತು. ದನಿ ಬರಲಿಲ್ಲ, ಬರಿ ಕರಕರ. ಬಗ್ಗಿ ನೋಡಿದೆ. ದಾರಿಯ ಕುಲುಕಾಟಕ್ಕೋ ಏನೋ, ಮುಳ್ಳು ಚುಕ್ಕೆಯಿಂದ ಕೂದಲೆಳೆಯಷ್ಟು ಸರಿದಿತ್ತು. ಇಷ್ಟು ಜೋಪಾನ ಮಾಡಿದ್ದು ಕಡೆಗೂ ಉಳಿಯಲಿಲ್ಲ. ಅವ್ವನೂ ಅದನ್ನು ಕಂಡಳು. ತುಸು ಹೊತ್ತು ಚುಕ್ಕೆಯನ್ನೇ ನೋಡಿದಳು. ಆಮೇಲೆ ರೇಡಿಯೋ ಎತ್ತಿ ಅಕ್ಕನ ಮಡಿಲಲ್ಲಿಟ್ಟಳು.

"ನೀ ತಿರುವು," ಎಂದಳು. "ಇಷ್ಟ ದಿನ ಯಾರಿಗೂ ಮುಟ್ಟಗೊಟ್ಟಿಲ್ಲ. ನಿಮ್ಮಪ್ಪ ಇಟ್ಟಲ್ಲಿಗೆ ನೀನ ತಂದ ನಿಲ್ಲಸವ್ವ."

ಅಕ್ಕ ಗುಂಡಿ ಹಿಡಿದಳು, ಬಲು ಮೆಲ್ಲಗೆ ತಿರುಗಿಸಿದಳು. ಮುಳ್ಳು ಚುಕ್ಕೆಯ ಅಡಿಗೆ ಬಂದು ನಿಂತಾಗ ಕರಕರದೊಳಗಿಂದ ಕನ್ನಡದ ದನಿ ಎದ್ದು ಬಂತು. ಅಕ್ಕ ಆ ಕೆಂಪು ಬಣ್ಣದ ಮೇಲೆ ತನ್ನ ಬೆರಳಿಟ್ಟಳು. ಅಪ್ಪನ ಬೆರಳಿನ ಗೆರೆಗಳು ಅದರಲ್ಲಿ ಇನ್ನೂ ಉಳಿದಿದ್ದವು. "ಅಪ್ಪಾ," ಎಂದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಅವ್ವ ಅವಳನ್ನು ಸಮಾಧಾನ ಮಾಡಲಿಲ್ಲ. ಅಕ್ಕಪಕ್ಕದ ಮಾಳಿಗೆಯವರಿಗೆ ಅಳು ಕೇಳದಿರಲೆಂದು ರೇಡಿಯೋದ ಸದ್ದನ್ನಷ್ಟು ಜೋರು ಮಾಡಿದಳು.